ಸ್ಪೀಕರ್ ಹಾಕಿದ್ದೇ ತಪ್ಪಾಯ್ತು

ಯಾಕಾದರೂ ಸ್ಪೀಕರ್ ಹಾಕಿದೆನೋ. ಎರಡು ದಿನ ಆಯ್ತು, ಫೋನಿನಲ್ಲಿ ಮಾತಾಡಿದ ಆ ಇನ್ಶೂರೆನ್ಸ್ ಹುಡುಗನ "ಮ್ಯಾಮ್" ಇನ್ನೂ ಕಿವಿಯಲ್ಲಿ ಗುಂಯ್ ಅನ್ನುತ್ತಿದೆ. ಬೆಳಿಗ್ಗೆ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದೆ. ಯಾರೂ ಏನೂ ಅನ್ನಲಿಲ್ಲ, ಸುಮ್ನೆ ತಿಂದು ಎದ್ದರು. ಅದಕ್ಕೇ ಇನ್ನೂ ಜಾಸ್ತಿ ಉರಿ.

ಕಾರಿನ ಇನ್ಶೂರೆನ್ಸ್‌ಗೆ 2,964 ಡಾಲರು. ಆರು ತಿಂಗಳಿಗೆ! ಮೊದಲು 1,418 ಇತ್ತು. ಅವೇ ಎರಡು ಕಾರು, ಅದೇ ಮನೆ, ಅದೇ ಗ್ಯಾರೇಜು. ಹೊಸದಾಗಿ ಬಂದಿರುವುದು ಡ್ರೈವಿಂಗ್ ಲೈಸೆನ್ಸ್ ಅನ್ನುವ ಒಂದು ಪ್ಲಾಸ್ಟಿಕ್ ಕಾರ್ಡು, ಅದರಲ್ಲಿ ಅರ್ಧ ಕಣ್ಣು ಮುಚ್ಚಿಕೊಂಡಿರುವ ನನ್ನ ಮಗನ ಫೋಟೋ. ಜಾಸ್ತಿಯಾದ ದುಡ್ಡಲ್ಲೇ ಒಬ್ಬರು ಊರಿಗೆ ಹೋಗಿ ಬರಬಹುದಿತ್ತು.

ಅವನ ತಪ್ಪು ಏನಾದರೂ ಇದೆಯಾ ಹೇಳಿ. ಹದಿನೈದೂವರೆ ವರ್ಷಕ್ಕೆ ಕಲಿಯುವವರ ಪರ್ಮಿಟ್ ತಗೊಂಡ. ಆರು ತಿಂಗಳು ಕಾದ. ಡ್ರೈವಿಂಗ್ ಸ್ಕೂಲಿನವರ ಜೊತೆ 6 ಗಂಟೆ ಓಡಿಸಿದ, ಮನೆಯವರ ಜೊತೆ 50 ಗಂಟೆ, ಅದರಲ್ಲಿ 10 ಗಂಟೆ ಕತ್ತಲಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಇಷ್ಟೂ ಆಗಲೇಬೇಕು. ನಮ್ಮವರು ದಿನಾ ಟ್ರೇಸಿಯಿಂದ ಸ್ಯಾನ್ ಹೋಸೆಗೆ ಹೋಗಿ ಬಂದು ಸೋಫಾ ಮೇಲೆ ಬಿದ್ದರೆ ಏಳುವವರಲ್ಲ, ಹಾಗಾಗಿ ಆ 50ರಲ್ಲಿ 40 ಗಂಟೆ ನನ್ನ ತಲೆಗೇ ಬಂತು. ಪಕ್ಕದ ಸೀಟಲ್ಲಿ ಕೂತು ಇಲ್ಲದ ಬ್ರೇಕ್ ಒತ್ತಿ ಒತ್ತಿ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡಿದೆ. "ಕನ್ನಡಿ ನೋಡು, ಭುಜದ ಮೇಲಿಂದ ತಿರುಗಿ ನೋಡು, ಸ್ಟಾಪ್ ಸೈನ್ ಬಂತು, ಪೂರ್ತಿ ನಿಲ್ಲಿಸು, ಒಂದು ಎರಡು ಮೂರು ಎಣಿಸು." ಎಷ್ಟು ಸಲ ಹೇಳಿದ್ದೀನೋ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಲೈಸೆನ್ಸ್ ಸಿಕ್ಕ ಮೇಲಾದರೂ ಹುಡುಗ ಆರಾಮಾಗಿ ಓಡಾಡುತ್ತಾನಾ? ಅದೂ ಇಲ್ಲ. ಒಂದು ವರ್ಷ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಒಬ್ಬನೇ ಓಡಿಸುವ ಹಾಗಿಲ್ಲ. ಪಕ್ಕದಲ್ಲಿ 25 ದಾಟಿದ ಲೈಸೆನ್ಸ್‌ದಾರರು ಇಲ್ಲದಿದ್ದರೆ 20ರೊಳಗಿನ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ಅಂದರೆ ಸ್ನೇಹಿತರಿಲ್ಲ, ಸಿನಿಮಾ ಇಲ್ಲ, ಶಾಲೆ ಮತ್ತು ಈಜು ಅಷ್ಟೇ. ಅರ್ಜಿಗೆ ನಾವೂ ಸಹಿ ಹಾಕಿದ್ದೇವೆ, ಅವನು ಯಾರಿಗಾದರೂ ಗುದ್ದಿದರೆ ನಷ್ಟಕ್ಕೆ ನಾವು ಜವಾಬ್ದಾರರು ಅಂತ. ಕೈ ಕಟ್ಟಿದರು, ಕಾಲು ಕಟ್ಟಿದರು, ಆಮೇಲೆ ಓಡಿದ್ದಕ್ಕೆ ದುಡ್ಡು ಕೊಡು ಅನ್ನುತ್ತಾರೆ.

ಸರಿ, ಆ ಫೋನಿನ ವಿಷಯ.

ಶನಿವಾರ ಬೆಳಿಗ್ಗೆ. ನಮ್ಮವರು ಕಾಫಿ ಹಿಡಿದು ಕೂತಿದ್ದರು. ಅತ್ತೆ ಹಾಸನದಿಂದ ಬಂದು ಮೂರು ವಾರ ಆಗಿದೆ, ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಮಗ ಫ್ರಿಜ್ ಬಾಗಿಲು ತೆಗೆದು ಯಾವಾಗಲೂ ನಿಲ್ಲುವ ಹಾಗೆ ನಿಂತಿದ್ದ. ನಾನು ಬೇಕಂತಲೇ ಸ್ಪೀಕರ್ ಹಾಕಿದೆ. "ಬಾರೋ ಇಲ್ಲಿ, ನಿನ್ನಿಂದ ಎಷ್ಟು ಖರ್ಚಾಗುತ್ತೆ ನೀನೇ ಕೇಳಿಸಿಕೋ, ಆಗಲಾದರೂ ಜವಾಬ್ದಾರಿ ಬರುತ್ತೆ" ಅಂದೆ. ಇವು ನನ್ನದೇ ಮಾತುಗಳು. ಯಾರೂ ನನ್ನ ಬಾಯಿಗೆ ತುರುಕಿದ್ದಲ್ಲ.

ಇನ್ಶೂರೆನ್ಸ್ ಕಂಪನಿಯ ಹುಡುಗ ಮೊತ್ತ ಹೇಳಿದ. ನಾನು ಏರುದನಿಯಲ್ಲೇ ಶುರು ಮಾಡಿದೆ. ಹನ್ನೊಂದು ವರ್ಷದಿಂದ ನಿಮ್ಮಲ್ಲೇ ಇದ್ದೇವೆ, ಒಂದು ಕಂತು ತಪ್ಪಿಸಿಲ್ಲ, ಒಂದೇ ಸಲಕ್ಕೆ ಎರಡು ಪಟ್ಟು ಹೇಗೆ ಆಗುತ್ತೆ? 2025ರಿಂದ ಕಾನೂನಿನ ಕನಿಷ್ಠ ಕವರೇಜು 15/30/5 ಇದ್ದದ್ದು 30/60/15 ಆಗಿದೆ (ಸಾವಿರ ಡಾಲರ್ ಲೆಕ್ಕ: ಒಬ್ಬರ ಗಾಯಕ್ಕೆ, ಒಂದು ಅಪಘಾತದ ಎಲ್ಲರ ಗಾಯಕ್ಕೆ, ಆಸ್ತಿ ನಷ್ಟಕ್ಕೆ), ಎಲ್ಲರಿಗೂ ಏರಿದೆ ಮ್ಯಾಮ್ ಅಂದ. ನಾವು ಇಟ್ಟಿರುವುದೇ 100/300, ಕನಿಷ್ಠ ಏರಿದರೆ ನಮಗೇನಪ್ಪಾ ಅಂದೆ. ಸುಮ್ಮನಾದ. ಗೆದ್ದೆ ಅಂದುಕೊಂಡೆ. ನಮ್ಮವರ ಕಡೆ ಒಂದು ನೋಟ ಬೇರೆ ಬಿಟ್ಟೆ.

ಅಲ್ಲಿಗೆ ಫೋನ್ ಇಟ್ಟುಬಿಡಬೇಕಿತ್ತು.

ಕೀಬೋರ್ಡ್ ಟಕಟಕ ಕೇಳಿಸಿತು. ಆಮೇಲೆ ಬಹಳ ಮರ್ಯಾದೆಯಿಂದ, ಆಸ್ಪತ್ರೆಯಲ್ಲಿ ರಿಪೋರ್ಟ್ ಓದುವವರ ದನಿಯಲ್ಲಿ ಹೇಳಿದ. "ಮ್ಯಾಮ್, ನಿಮ್ಮ ಮಗನ ರೆಕಾರ್ಡ್ ಕ್ಲೀನ್ ಇದೆ. ಅನುಭವ ಇಲ್ಲ ಅಷ್ಟೇ. ಈ ಪಾಲಿಸಿಯಲ್ಲಿ ಎರಡು ಪಾಯಿಂಟ್ ಇರುವುದು ನಿಮ್ಮ ಹೆಸರಲ್ಲಿ. ಒಂದು ಪಾರ್ಕಿಂಗ್ ಲಾಟ್ ಆಕ್ಸಿಡೆಂಟ್, ಇನ್ನೊಂದು ಸ್ಟಾಪ್ ಸೈನ್. ಅದಕ್ಕೇ ನಿಮ್ಮ 20 ಪರ್ಸೆಂಟ್ ಗುಡ್ ಡ್ರೈವರ್ ಡಿಸ್ಕೌಂಟ್ ಹೋದ ರಿನ್ಯೂವಲ್‌ನಲ್ಲೇ ಹೋಗಿದೆ."

ಫ್ರಿಜ್ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

ಪಾರ್ಕಿಂಗ್ ಲಾಟಿನದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯುಗಾದಿ ದಿನ ದೇವಸ್ಥಾನದಲ್ಲಿ ರಿವರ್ಸ್ ತೆಗೆಯುವಾಗ ಆಗಿದ್ದು. ಇವತ್ತಿಗೂ ಹೇಳುತ್ತೇನೆ, ಆ ವ್ಯಾನಿನವರದ್ದೂ ಅರ್ಧ ತಪ್ಪು. ಆದರೆ ಅರ್ಧ ಅನ್ನುವುದನ್ನು ಇವರು ಒಪ್ಪಬೇಕಲ್ಲ, 51 ಪರ್ಸೆಂಟ್ ನನ್ನದು ಅಂತ ಬರೆದುಕೊಂಡರೆ ಮುಗೀತು, ಪಾಯಿಂಟು ಪೂರ್ತಿ ನನಗೇ. ಆದರೆ ಸ್ಟಾಪ್ ಸೈನ್ ವಿಷಯ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಪೊಲೀಸಿನವನು ಹಿಡಿದಿದ್ದ. ನಿಂತೆ ಅಂತಲೇ ನನ್ನ ನಂಬಿಕೆ, ಚಕ್ರ ಉರುಳುತ್ತಿತ್ತು ಅಂತ ಅವನ ನಂಬಿಕೆ. ಈ ರೀತಿ ನಿಂತ ಹಾಗೆ ಮಾಡಿ ಜಾರಿಕೊಳ್ಳುವುದಕ್ಕೆ ಇಡೀ ದೇಶದಲ್ಲಿ ಕ್ಯಾಲಿಫೋರ್ನಿಯಾ ಸ್ಟಾಪ್ ಅಂತಲೇ ಹೆಸರು, ಅಂದ ಮೇಲೆ ಇಲ್ಲಿ ನಾನೊಬ್ಬಳೇನಾ? ದಂಡ ಕಟ್ಟಿದೆ. ಟ್ರಾಫಿಕ್ ಸ್ಕೂಲ್ ಅಂತ ಆನ್‌ಲೈನ್ ಕೋರ್ಸ್ ಮುಗಿಸಿದ್ದರೆ ಆ ಪಾಯಿಂಟು ಇನ್ಶೂರೆನ್ಸ್‌ನವರ ಕಣ್ಣಿಗೇ ಬೀಳುತ್ತಿರಲಿಲ್ಲ. ನಾಳೆ ಮಾಡೋಣ ನಾಳೆ ಮಾಡೋಣ ಅಂತ ಗಡುವು ದಾಟಿತು. ಹೋದ ಸಲ ಪ್ರೀಮಿಯಂ ಏರಿದಾಗ "ಎಲ್ಲಾ ಇಲ್ಲಿನ ಕಾಳ್ಗಿಚ್ಚಿನ ನಷ್ಟ ತುಂಬಿಕೊಳ್ಳೋಕೆ ರೀ" ಅಂತ ನಾನೇ ನಮ್ಮವರಿಗೆ ಪಾಠ ಹೇಳಿದ್ದೆ. ನಂಬಿದ್ದರು ಪಾಪ.

"ಯಾವ ಸ್ಟಾಪ್ ಸೈನ್?" ಅಂದರು ನಮ್ಮವರು. ಕಾಫಿ ಲೋಟ ಅರ್ಧ ದಾರಿಯಲ್ಲಿ ನಿಂತಿತ್ತು.

ನಾನು ಉತ್ತರ ಕೊಡಲಿಲ್ಲ. ಮಗ ಕೇಳಿದ, "ಅಮ್ಮ, ಲೈಬ್ರರಿ ಹತ್ತಿರದ್ದಾ? ಮೂರು ಎಣಿಸು ಎಣಿಸು ಅಂತಿದ್ದೆಯಲ್ಲ, ಅಲ್ಲೇನಾ?"

ನಕ್ಕಿದ್ದರೆ ಬೈಯಬಹುದಿತ್ತು. ನಗಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದ.

ಅತ್ತೆ ಸೊಪ್ಪಿನಿಂದ ತಲೆ ಎತ್ತಿ, "ಏನಮ್ಮಾ ಅದು, ಯಾವುದಕ್ಕೆ ಎರಡು ಪಾಯಿಂಟು ಬಂತು ನಿನಗೆ?" ಅಂದರು. ಖುಷಿಯಿಂದ ಕೇಳಿದರು ಕಣ್ರೀ! ಪಾಯಿಂಟು ಬಂದರೆ ಒಳ್ಳೆಯದು ಅಂದುಕೊಂಡಿದ್ದರು. ಅವರ ಮಗ ವಿವರಿಸಿ ಹೇಳಿದರು. ನಿಧಾನಕ್ಕೆ, ಉದಾಹರಣೆ ಸಮೇತ.

ಆ ಫೋನಿನ ಹುಡುಗ ಇನ್ನೂ ಲೈನಿನಲ್ಲೇ ಇದ್ದ. ಕನ್ನಡ ಬರದಿದ್ದರೂ ಅವನಿಗೆ ಎಲ್ಲಾ ಅರ್ಥವಾಗಿರಬೇಕು. ಸಮಾಧಾನ ಮಾಡುವ ಹಾಗೆ ಇನ್ನೊಂದು ದಾರಿ ಹೇಳಿದ. ಮಗನನ್ನು ಪಾಲಿಸಿಯಿಂದ ಎಕ್ಸ್‌ಕ್ಲೂಡ್ ಮಾಡಬಹುದಂತೆ. ಸಹಿ ಹಾಕಿದರೆ ಪ್ರೀಮಿಯಂ ಇಳಿಯುತ್ತದೆ, ಆದರೆ ಅವನು ಒಂದು ದಿನ ಕಾರು ಮುಟ್ಟಿ ಏನಾದರೂ ಆದರೆ ಒಂದು ಪೈಸೆ ಬರುವುದಿಲ್ಲ. ಆರು ತಿಂಗಳು ಪ್ರಾಣ ಕೈಯಲ್ಲಿ ಹಿಡಿದು ಕಲಿಸಿದ್ದು ಇವನು ಕಾರು ಓಡಿಸುವುದಿಲ್ಲ ಅಂತ ಬರೆದುಕೊಡುವುದಕ್ಕಾ? ಬೇಡಪ್ಪಾ ಅಂದು ಇಟ್ಟುಬಿಟ್ಟೆ.

ನಮ್ಮಪ್ಪನ ಕಾಲದಲ್ಲಿ ಏನು ಚೆನ್ನಾಗಿತ್ತು. ಇನ್ಶೂರೆನ್ಸ್ ಏಜೆಂಟ್ ಮನೆಗೇ ಬಂದು, ಕಾಫಿ ಕುಡಿದು, ಕ್ಯಾಲೆಂಡರ್ ಕೊಟ್ಟು ಹೋಗುತ್ತಿದ್ದರು. ಥರ್ಡ್ ಪಾರ್ಟಿ ಅಂದರೆ ಎಂಜಿನ್ ಎಷ್ಟು ಸಿಸಿ ಅಂತ ನೋಡುತ್ತಾರೆ, ಮನೆಯಲ್ಲಿ ಎಷ್ಟು ವಯಸ್ಸಿನ ಮಗ ಇದ್ದಾನೆ ಅಂತ ಯಾರೂ ಕೇಳುವುದಿಲ್ಲ. ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಓಡಿಸಬಹುದು. ಅಪ್ಪನಂತೂ ಬಂಪರ್ ಒಡೆದರೂ ಕ್ಲೈಮ್ ಮಾಡುತ್ತಿರಲಿಲ್ಲ, 50 ಪರ್ಸೆಂಟ್ ನೋ ಕ್ಲೈಮ್ ಬೋನಸ್ ಹೋಗಿಬಿಡುತ್ತೆ ಅಂತ ಕೈಯಿಂದ ದುಡ್ಡು ಹಾಕಿ ಟಿಂಕರಿಂಗ್ ಮಾಡಿಸುತ್ತಿದ್ದರು. ಅವರ ಮಗಳು ಗುಡ್ ಡ್ರೈವರ್ ಡಿಸ್ಕೌಂಟ್ ಕಳೆದುಕೊಂಡು, ಅದು ಗೊತ್ತೂ ಆಗದೆ ಆಟೋಪೇ ಮಾಡಿಕೊಂಡು ಕೂತಿದ್ದಾಳೆ. ಊರಲ್ಲಿ ಹದಿನಾರಕ್ಕೆ ಕಾರಿನ ಕೀ ಕೊಡುವ ಹಾಗಿಲ್ಲ ಅನ್ನುವುದೂ ನಿಜ ಬಿಡಿ. 2019ರ ತಿದ್ದುಪಡಿ ಆದ ಮೇಲೆ ಮಕ್ಕಳು ಓಡಿಸಿ ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ 25,000 ದಂಡ, ಜೈಲು ಕೂಡ ಇದೆ. ಗೊತ್ತು, ಹೋಲಿಸಬಾರದು. ಹೊಟ್ಟೆ ಉರಿದಾಗ ಹೋಲಿಸದೆ ಇನ್ನೇನು ಮಾಡಲಿ.

ರಾತ್ರಿ ಒಂದು ಗಂಟೆಗೆ ಕೂತು ಕಾನೂನು ಓದಿದೆ, ಎಲ್ಲಾದರೂ ಇವರನ್ನು ಹಿಡಿಯಬಹುದಾ ಅಂತ. 1988ರಲ್ಲಿ ಇಲ್ಲಿನ ಜನ ಓಟು ಹಾಕಿ ತಂದ ಪ್ರಾಪೊಸಿಷನ್ 103 ಅಂತ ಒಂದಿದೆ. ಕಾರಿನ ಇನ್ಶೂರೆನ್ಸ್ ದರಕ್ಕೆ ಮೊದಲು ನೋಡಬೇಕಾದ್ದು ಡ್ರೈವಿಂಗ್ ರೆಕಾರ್ಡು, ಎರಡನೆಯದು ವರ್ಷಕ್ಕೆ ಎಷ್ಟು ಮೈಲಿ, ಮೂರನೆಯದು ಎಷ್ಟು ವರ್ಷದ ಅನುಭವ. ಮೊದಲನೆಯದರಲ್ಲಿ ನಾನು ಫೇಲು. ದಿನಕ್ಕೆ ನೂರು ಮೈಲಿ ಓಡಿಸುವ ನಮ್ಮವರು ಎರಡನೆಯದರಲ್ಲಿ ಫೇಲು. ಮೂರನೆಯದರಲ್ಲಿ ಮಗ. ಮನೆಯಲ್ಲಿ ಪಾಸಾಗಿರುವುದು ಅತ್ತೆ ಒಬ್ಬರೇ.

ಕಂಪನಿ ಬದಲಾಯಿಸಿಯೇ ಬಿಡುತ್ತೇನೆ ಅಂತ ಬೇರೆ ಎರಡು ಕಡೆ ಕೇಳಿದೆ. ಒಂದು ಕಡೆ 3,310, ಇನ್ನೊಂದು ಕಡೆ ಉತ್ತರವೇ ಇಲ್ಲ. ಎರಡು ಕಡೆಯೂ ಮೊದಲ ಪ್ರಶ್ನೆ, ಕಳೆದ ಮೂರು ವರ್ಷದಲ್ಲಿ ಏನಾದರೂ ಟಿಕೆಟ್ ಇದೆಯಾ ಅಂತ. ಸಾಕು. ಕಟ್ಟುತ್ತೇನೆ. ಕಟ್ಟದೆ ಎಲ್ಲಿ ಹೋಗಲಿ, ಈ ಊರಲ್ಲಿ ಅವನ ಈಜಿನ ಹೊತ್ತಿಗೆ ಬರುವ ಬಸ್ಸಿದೆಯಾ?

ಆದರೆ ಗೊತ್ತಿರುವವರು ಯಾರಾದರೂ ಒಂದು ವಿಷಯ ಹೇಳಿ ದಯವಿಟ್ಟು. ಗುಡ್ ಸ್ಟೂಡೆಂಟ್ ಡಿಸ್ಕೌಂಟ್‌ಗೆ ಸರಾಸರಿ ಬಿ, ಅಂದರೆ 3.0 ಜಿಪಿಎ ಬೇಕಂತೆ. ಕಷ್ಟದ ಕೋರ್ಸಿಗೆ ಜಾಸ್ತಿ ಅಂಕ ಸೇರಿಸುವ ವೆಯ್ಟೆಡ್ ಲೆಕ್ಕಾನಾ, ಎಲ್ಲಾ ಒಂದೇ ಅನ್ನುವ ಅನ್‌ವೆಯ್ಟೆಡ್ಡಾ? ವೆಯ್ಟೆಡ್ ಆದರೆ ಇವನದು 3.2, ಆರಾಮಾಗಿ ಪಾಸು. ಅನ್‌ವೆಯ್ಟೆಡ್ ಆದರೆ 2.94. ಕೆಳಗೆ ಎಳೆದಿರುವುದು ಒಂದೇ ವಿಷಯ, ಕೆಮಿಸ್ಟ್ರಿಯಲ್ಲಿ ಸಿ.

ನಾನು ಓದಿರುವುದು ಎಂ.ಎಸ್ಸಿ ಕೆಮಿಸ್ಟ್ರಿ. ಅದನ್ನೂ ಮನೆಯಲ್ಲಿ ನಾನೇ ಹೇಳಿಕೊಡುವುದು. ಆ ಹುಡುಗನಿಗೆ ಫೋನ್ ಮಾಡಿ ಕೇಳಬಹುದು, ಆದರೆ ನಮ್ಮವರು ಆಫೀಸಿಗೆ ಹೋದ ಮೇಲೆ, ಅತ್ತೆ ಮಲಗಿದ ಮೇಲೆ, ಗ್ಯಾರೇಜಿನಲ್ಲಿ ಕೂತು, ಸ್ಪೀಕರ್ ಹಾಕದೆ.