ಮಾವನ ಸಂಶೋಧನೆ

ನಮ್ಮ ಮಾವ ಸಂಶೋಧನೆ ಮಾಡಿದ್ದಾರೆ. ಸುಮ್ನೆ ಅಲ್ಲ, ರಾತ್ರಿ ಹನ್ನೊಂದರಿಂದ ಹನ್ನೊಂದೂವರೆವರೆಗೆ, ಮಲಗಿಕೊಂಡೇ, ಮೊಬೈಲನ್ನು ಎರಡು ಸಲ ಮೂಗಿನ ಮೇಲೆ ಬೀಳಿಸಿಕೊಂಡು ಮಾಡಿದ ಸಂಶೋಧನೆ. ಕಂಡುಕೊಂಡಿದ್ದು ಇಷ್ಟು: ಮೊಮ್ಮಗನಿಗೆ ದಡಾರದ ಲಸಿಕೆ ಬೇಡ.

"ಅದರಲ್ಲಿ ಏನೇನು ಹಾಕಿರ್ತಾರೋ ಯಾರಿಗೆ ಗೊತ್ತು?" ಎಂದು ಕೇಳುವಾಗ ಅವರ ಕೈಯಲ್ಲಿ ಒಂದು ಡಬ್ಬಿ ಇತ್ತು. ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿಯಂತೆ. ಲೇಬಲ್ ಇಲ್ಲ, ಮಾಡಿದವರು ಯಾರೋ ಗೊತ್ತಿಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಬಂತು, ತರಿಸಿಕೊಂಡರು. ಅದರಲ್ಲಿ ಏನು ಹಾಕಿದ್ದಾರೆ ಎಂದು ನಾನು ಕೇಳಲಿಲ್ಲ. ಹಿರಿಯರು, ಅಲ್ವಾ.

"ರೋಗ ಬಂದು ಹೋದರೆ ಮೈ ಗಟ್ಟಿಯಾಗುತ್ತೆ" ಎನ್ನುವುದು ಎರಡನೇ ವಾದ. ದಡಾರ ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪ, ಅದು ನಿಜ. ಆದರೆ ಹೋಗುವಾಗ ಈ ವೈರಸ್, ಬೇರೆ ರೋಗಗಳ ಜೊತೆ ಹೋರಾಡಿ ಮೈ ಕಲಿತಿದ್ದ ಹಳೇ ಪಾಠಗಳಲ್ಲೂ ಒಂದಷ್ಟನ್ನು ಅಳಿಸಿಬಿಡುತ್ತದೆ. ಒಂದು ಪಾಠ ಹೇಳಿಕೊಟ್ಟು ಮಗುವಿನ ಉಳಿದ ಪುಸ್ತಕಗಳಿಗೆ ಬೆಂಕಿ ಇಟ್ಟು ಹೋಗುವ ಮೇಷ್ಟ್ರನ್ನು ಮಾವ ಟ್ಯೂಷನ್‌ಗೆ ಕರೆಯುತ್ತಿದ್ದಾರೆ.

ಆಮೇಲೆ ಬಂತು ಆಟಿಸಂ: ಈ ಲಸಿಕೆ ಹಾಕಿಸಿದರೆ ಮಗುವಿನ ಮಾತು, ಬೆರೆಯುವಿಕೆಗೆ ತೊಡಕಾಗುವ ಆ ಸ್ಥಿತಿ ಬರುತ್ತದಂತೆ. ಈ ಮಾತಿನ ಮೂಲ 1998ರ ಒಂದು ಲೇಖನ, ಅದರಲ್ಲಿದ್ದದ್ದು ಬರೀ 12 ಮಕ್ಕಳು. ಲೇಖನ ಛಾಪಿಸಿದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಅದನ್ನು ವಾಪಸ್ ತೆಗೆದುಕೊಂಡಿತು, ಬರೆದ ವೈದ್ಯರ ಹೆಸರು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದಲೇ ಹೋಯಿತು. ಗ್ರೂಪಿಗೆ ಲೇಖನ ತಲುಪಿದೆ, ವಾಪಸ್ ತೆಗೆದ ಸುದ್ದಿ ಇನ್ನೂ ದಾರಿಯಲ್ಲಿದೆ.

"ನಮ್ಮ ಮಗು, ನಮ್ಮಿಷ್ಟ!" ಸರಿ ಮಾವ, ಆದರೆ ವೈರಸ್ಸಿಗೆ ಇದನ್ನು ಯಾರು ಹೇಳೋದು? ದದ್ದು ಏಳುವುದಕ್ಕೆ 4 ದಿನ ಮೊದಲೇ ಅದು ಹರಡಲು ಶುರು ಮಾಡಿರುತ್ತದೆ, ರೋಗಿ ಎದ್ದು ಹೋದ ಕೋಣೆಯ ಗಾಳಿಯಲ್ಲಿ 2 ಗಂಟೆವರೆಗೂ ಉಳಿಯಬಲ್ಲದು, ರಕ್ಷಣೆ ಇಲ್ಲದ 10 ಜನ ಹತ್ತಿರ ಸುಳಿದರೆ 9 ಜನರನ್ನು ಹಿಡಿಯುತ್ತದೆ. ಲಸಿಕೆಯ ವಯಸ್ಸಾಗದ ಹಸುಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಇವರೆಲ್ಲ ಬಚಾವಾಗಬೇಕಾದರೆ ಸುತ್ತಲಿನ 100ರಲ್ಲಿ 95 ಜನರಾದರೂ ಲಸಿಕೆ ಹಾಕಿಸಿಕೊಂಡಿರಬೇಕು. ಉಳಿದ ಐದು ಸೀಟು ಇಂಥವರಿಗೇ ಸಾಲದು. ಅದರಲ್ಲೊಂದಕ್ಕೆ ಮಾವ ಆಗಲೇ ಟವೆಲ್ ಹಾಕಿದ್ದಾರೆ.

ಮಾತಾಡಿ ಮಾತಾಡಿ ಸೆಖೆಯಾಗಿ ಅಂಗಿ ಬಿಚ್ಚಿದರು. ಎಡತೋಳಿನ ಮೇಲೆ ನಾಣ್ಯದಗಲದ ಕಲೆ, ನಡುವೆ ಸ್ವಲ್ಪ ತಗ್ಗು, ಅಂಚು ಸುಕ್ಕು.

"ಇದೇನು ಮಾವ?"

"ಇದಾ? ಚಿಕ್ಕಂದಿನಲ್ಲಿ ಸಿಡುಬಿಗೆ ದಾಕು ಹಾಕಿಸಿದ್ದು. ನಾನು ಓಡಿ ಹೋಗಿದ್ದೆ, ನಮ್ಮಪ್ಪ ಎಳಕೊಂಡು ಬಂದು ಹಾಕಿಸಿದ್ರು."

ಇಪ್ಪತ್ತನೇ ಶತಮಾನ ಒಂದರಲ್ಲೇ ಸುಮಾರು 30 ಕೋಟಿ ಜನರನ್ನು ಕೊಂದ ರೋಗ ಅದು. ಭೂಮಿಯ ಮೇಲೆ ಇನ್ನಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು.

"ಈಗೆಲ್ಲಿ ಹೋಯ್ತು ಮಾವ ಆ ಸಿಡುಬು?"

"ಅಯ್ಯೋ, ಅದು ತಾನಾಗಿಯೇ ಹೋಯ್ತಲ್ಲ" ಎಂದು ಡಬ್ಬಿಯ ಮುಚ್ಚಳ ತೆಗೆದು, ಎರಡು ಚಮಚ ಪುಡಿ ಬಾಯಿಗೆ ಹಾಕಿಕೊಂಡರು.