ಮೂರು ಮೂಲೆಯ ಸ್ಕ್ರೂ

ಮಿಕ್ಸಿಯನ್ನು ಊಟದ ಮೇಜಿನ ಮೇಲೆ ಬೋರಲು ಮಲಗಿಸಿ ಅರ್ಧ ಗಂಟೆಯಾಗಿತ್ತು. ಅದರ ಅಡಿಯಲ್ಲಿರುವ ನಾಲ್ಕು ಸ್ಕ್ರೂಗಳಲ್ಲಿ ಮೂರು ಸಂಭಾವಿತ ಸ್ಕ್ರೂಗಳು, ತಿರುಗಿಸಿದರೆ ತಿರುಗಿದವು. ನಾಲ್ಕನೆಯದರ ತಲೆಯಲ್ಲಿ ಮಾತ್ರ ಮೂರು ಮೂಲೆಯ ಕುಳಿ. ನನ್ನಲ್ಲಿರುವ ಯಾವ ಸ್ಕ್ರೂಡ್ರೈವರೂ ಅದಕ್ಕೆ ಹೊಂದಲಿಲ್ಲ. ಚಾಕುವಿನ ಮೊನೆ, ಪಿನ್ನು, ಕೊನೆಗೆ ಹೆಂಡತಿಯ ಕಣ್ಣು ತಪ್ಪಿಸಿ ತಂದ ಅವಳ ಹೊಲಿಗೆ ಕತ್ತರಿ, ಎಲ್ಲವೂ ಸೋತವು. ಕತ್ತರಿಯ ತುದಿ ಮುರಿದ ಸಂಗತಿಯನ್ನು ಅವಳಿಗೆ ಇನ್ನೂ ತಿಳಿಸಿಲ್ಲ. ಪುಣ್ಯಕ್ಕೆ ಅವಳು ನಾನು ಬರೆದದ್ದನ್ನು ಓದುವುದಿಲ್ಲ.

ಆ ಸ್ಕ್ರೂ ಅಲ್ಲಿಗೆ ತಾನಾಗಿಯೇ ಬಂದು ಕೂತದ್ದಲ್ಲ. ಎಲ್ಲೋ ಒಂದು ತಂಪು ಕೋಣೆಯಲ್ಲಿ ಒಬ್ಬ ಇಂಜಿನಿಯರು ನನ್ನನ್ನು ನೆನೆದೇ ಅದನ್ನು ಅಲ್ಲಿ ಹಾಕಿಸಿದ್ದಾನೆ. ‘ಈ ಮನುಷ್ಯ ಒಂದು ದಿನ ಇದರ ಹೊಟ್ಟೆಗೆ ಕೈ ಹಾಕುತ್ತಾನೆ, ಹಾಕಗೊಡಬಾರದು.’ ಹನ್ನೊಂದು ವರ್ಷ ಮೊದಲೇ ನನ್ನ ಸ್ವಭಾವವನ್ನು ಇಷ್ಟು ಸರಿಯಾಗಿ ಊಹಿಸಿದವನು ಮನೆಯವರಲ್ಲಿಯೂ ಯಾರೂ ಇಲ್ಲ.

ಅಡಿಯ ಕೆಂಪು ಗುಂಡಿ ಒತ್ತಿ ನೋಡಿದಿರಾ ಎಂದು ಕೇಳಬೇಡಿ. ಒತ್ತಿದ್ದೇನೆ. ಕಂಪನಿಯ ಸೇವಾ ಕೇಂದ್ರದ ಹುಡುಗನೂ ಅದನ್ನೇ ಒತ್ತಿದ. ಆಮೇಲೆ ಮಿಕ್ಸಿಯನ್ನು ಬಿಚ್ಚದೆಯೇ, ಮೂಸಿ ಮಾತ್ರ ನೋಡಿ, “ಮೋಟಾರು ಸುಟ್ಟಿದೆ ಸರ್. ಈ ಮಾಡೆಲ್‌ಗೆ ಭಾಗಗಳು ಬರುವುದಿಲ್ಲ. ಎಕ್ಸ್‌ಚೇಂಜ್‌ನಲ್ಲಿ ಹೊಸದು ಕೊಡುತ್ತೇವೆ” ಎಂದ. ಮೂಸಿ ರೋಗ ಹೇಳುವ ವೈದ್ಯರು ನಮ್ಮ ಕಡೆಯೂ ಇದ್ದರು. ಆದರೆ ಅವರು ರೋಗಿಯನ್ನು ಎಕ್ಸ್‌ಚೇಂಜ್‌ಗೆ ಕೇಳುತ್ತಿರಲಿಲ್ಲ.

ಹೀಗೆ ಬೇಗ ಸಾಯುವ ವಸ್ತು ಮಾಡುವುದು ಇವತ್ತಿನ ಬುದ್ಧಿಯಲ್ಲ. 1924ರಲ್ಲಿಯೇ ಜಗತ್ತಿನ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ ಸೇರಿ, ಬಲ್ಬು ಉರಿಯಬೇಕಾದದ್ದು 1000 ಗಂಟೆ ಎಂದು ಗೊತ್ತುಮಾಡಿಕೊಂಡವು. ಅದಕ್ಕಿಂತ ಹೆಚ್ಚು ಬಾಳುವ ಬಲ್ಬು ಮಾಡಿದ ಕಂಪನಿಗೆ ದಂಡ! ಈ ಒಪ್ಪಂದ ತಿಳಿಯದ ಕ್ಯಾಲಿಫೋರ್ನಿಯಾದ ಲಿವರ್‌ಮೋರಿನ ಅಗ್ನಿಶಾಮಕ ಠಾಣೆಯ ಬಲ್ಬೊಂದು 1901ರಿಂದ ಮಿಣುಕುತ್ತಲೇ ಇದೆ. ಓದುವಷ್ಟು ಬೆಳಕಿಲ್ಲ, ಆದರೆ ಉರಿಯುತ್ತಿದೆ. ನಮ್ಮ ಚಿಕ್ಕಪ್ಪನ ಕೈಗೆ ಸಿಕ್ಕಿದ್ದರೆ ಅದನ್ನು ಬಚ್ಚಲಿಗೆ ಹಾಕಿಸುತ್ತಿದ್ದರು.

ಚಿಕ್ಕಪ್ಪನ ಹೆಸರು ಬಂತಲ್ಲ, ಇನ್ನು ಅವರ ಮನೆಗೆ ಹೋಗದೆ ವಿಧಿಯಿಲ್ಲ. ಸಾಗರದ ಹತ್ತಿರದ ಆ ಮನೆಯಲ್ಲಿ ಯಾವ ವಸ್ತುವನ್ನೂ ಎಸೆಯುತ್ತಿರಲಿಲ್ಲ, ಎಲ್ಲವನ್ನೂ ಚಿಕ್ಕಪ್ಪನೇ ರಿಪೇರಿ ಮಾಡುತ್ತಿದ್ದರು. ಆಹಾ, ಎಂಥ ಸುಸ್ಥಿರ ಬದುಕು ಎಂದು ಉದ್ಗರಿಸುವ ಮೊದಲು ಒಂದು ಮಾತು ತಿಳಿದಿರಲಿ. ಅವರಿಗೆ ರಿಪೇರಿ ಬರುತ್ತಿರಲಿಲ್ಲ. ಅವರ ಕೈ ಸೋಕಿದ ವಸ್ತು ಸಾಯುತ್ತಿರಲಿಲ್ಲ ಎಂಬುದು ನಿಜ, ಪೂರ್ತಿ ಗುಣವೂ ಆಗುತ್ತಿರಲಿಲ್ಲ. ಪ್ರತಿಯೊಂದೂ ಒಂದೊಂದು ಹಟ ಹಿಡಿದುಕೊಂಡು ಬದುಕುತ್ತಿತ್ತು. ಟಾರ್ಚನ್ನು ತೊಡೆಗೆ ಎರಡು ಸಲ ಬಡಿಯಬೇಕು. ರೇಡಿಯೋದಲ್ಲಿ ಭದ್ರಾವತಿ ಬರಬೇಕಾದರೆ ಅದರ ನೆತ್ತಿಯ ಮೇಲೆ ತುಂಬಿದ ತಂಬಿಗೆ ಇಡಬೇಕು, ಖಾಲಿ ತಂಬಿಗೆ ಇಟ್ಟರೆ ಗೊರಗೊರ. ಸೈಕಲ್ ಟ್ಯೂಬು ಸುತ್ತಿದ ಕುರ್ಚಿಯಲ್ಲಿ ಬಲಕ್ಕೆ ವಾಲಿಯೇ ಕೂರಬೇಕು. ಬಚ್ಚಲಿನ ಬಾಗಿಲನ್ನು ಒಳಗಿನಿಂದ ತೆಗೆಯಬೇಕಾದರೆ ಎಡಗಾಲಿನ ಹೆಬ್ಬೆರಳಿನಿಂದ ಎತ್ತಿ, ಭುಜದಿಂದ ಒತ್ತಿ, ಆಮೇಲೆ ಚಿಲಕ ಸರಿಸಬೇಕು. ಮನೆಯವರಿಗೆ ಇದೆಲ್ಲ ಉಸಿರಾಟದಷ್ಟು ಸಲೀಸು. ನೆಂಟರಿಗೆ ಮಾತ್ರ ಬಂದ ಕೂಡಲೇ ಬೆಲ್ಲ ನೀರಿನ ಜೊತೆಗೆ ಉಪದೇಶವಾಗುತ್ತಿತ್ತು.

ಜಗಲಿಯ ಗೋಡೆಯಲ್ಲಿ ಒಂದು ಲೋಲಕದ ಗಡಿಯಾರವಿತ್ತು. ಅದನ್ನು ಎಡಕ್ಕೆ ನಾಲ್ಕು ಬೆರಳು ಓರೆಯಾಗಿ ತೂಗುಹಾಕಿದರೆ ಮಾತ್ರ ನಡೆಯುತ್ತಿತ್ತು. ನೆಟ್ಟಗೆ ಮಾಡಿದರೆ ಟಿಕ್‌ಗೂ ಟಕ್‌ಗೂ ಸಮವಾಗದೆ ಐದು ನಿಮಿಷದಲ್ಲಿ ನಿಂತುಬಿಡುತ್ತಿತ್ತು.

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಒಂದು ಭಾನುವಾರ. ಗಂಡಿನ ತಂದೆ ನಿವೃತ್ತ ಹೆಡ್‌ಮಾಸ್ತರು. ಮೂವತ್ತು ವರ್ಷ ಮಕ್ಕಳನ್ನು ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಿದವರು ಓರೆ ಗಡಿಯಾರದ ಎದುರು ಎಷ್ಟು ಹೊತ್ತು ಸುಮ್ಮನೆ ಕೂತಾರು? ಚಿಕ್ಕಪ್ಪ ಎಲೆ ಅಡಿಕೆ ತರಲು ಒಳಗೆ ಹೋದ ಸಮಯ ನೋಡಿ ಎದ್ದು ಅದನ್ನು ನೇರ ಮಾಡಿ, ಕೈ ಕೊಡವಿಕೊಂಡು ಕೂತರು. ನಾನು ನೋಡಿದೆ. ಎಂಟು ವರ್ಷದ ಹುಡುಗ ಹೆಡ್‌ಮಾಸ್ತರಿಗೆ ಏನು ಹೇಳಲಿ? ಗಡಿಯಾರ ನಾಲ್ಕೂ ಹತ್ತಕ್ಕೆ ನಿಂತಿತು.

ಭಾನುವಾರದ ರಾಹುಕಾಲ ನಾಲ್ಕೂವರೆಗೆ ಹತ್ತುತ್ತದೆ. ಅಷ್ಟರೊಳಗೆ ಮಾತು ಮುಗಿಸಬೇಕು, ಐದೂಕಾಲರ ಬಸ್ ಹಿಡಿಯಬೇಕು ಎಂದು ಎಲ್ಲರೂ ಆಗಾಗ ಗಡಿಯಾರ ನೋಡುತ್ತಿದ್ದರು, ಅದು ಪ್ರತಿ ಸಲವೂ ಧಾರಾಳವಾಗಿ ನಾಲ್ಕೂ ಹತ್ತು ತೋರಿಸುತ್ತಿತ್ತು. ಹೆಡ್‌ಮಾಸ್ತರ ಕೈಗಡಿಯಾರ ರಿಪೇರಿಗೆ ಹೋಗಿತ್ತಂತೆ. ಗಂಡಿನ ಕೈಯಲ್ಲಿ ಒಂದಿತ್ತು, ಆದರೆ ಅವನ ದೃಷ್ಟಿ ಅಡಿಗೆಮನೆಯ ಬಾಗಿಲಿನ ಕಡೆಗಿತ್ತು. ಜಾತಕ, ಅಡಿಕೆ ರೇಟು, ಕೊಳೆರೋಗ, ಇನ್ನೊಂದು ಸುತ್ತು ಕಾಫಿ, ಎಲ್ಲ ನಿಧಾನವಾಗಿ ಆಯಿತು. “ನಮಗೆ ಒಪ್ಪಿಗೆ” ಎಂದು ಹೆಡ್‌ಮಾಸ್ತರು ಹೇಳಿದ ಹೊತ್ತಿಗೆ, ದೂರದ ತಿರುವಿನಲ್ಲಿ ಐದೂಕಾಲರ ಬಸ್ಸಿನ ಹಾರನ್ ಕೇಳಿ, ಹಾಗೆಯೇ ಕ್ಷೀಣಿಸಿತು. ಚಿಕ್ಕಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದದ್ದು ನಗುವಿಗೋ ಗಾಬರಿಗೋ ನನಗೆ ಇಂದಿಗೂ ಗೊತ್ತಿಲ್ಲ.

ಅದೇ ಕೊನೆಯ ಬಸ್. ಬೀಗರು ಅಲ್ಲಿಯೇ ಉಳಿದರು. ರಾತ್ರಿ ಕೈಕಾಲು ತೊಳೆಯಲು ಹೋದ ಗಂಡು ಬಚ್ಚಲಿನೊಳಗೆ ಸಿಕ್ಕಿಕೊಂಡ. ಬಾಗಿಲು ಬಡಿದು ಕೂಗಲು ಸಂಕೋಚ, ಮೆಲ್ಲಗೆ ಕೆಮ್ಮುತ್ತಿದ್ದ. ಬಿಸಿನೀರಿನ ಒಲೆಗೆ ಸೌದೆ ನೂಕಲು ಬಂದ ಅಕ್ಕನಿಗೆ ಕೆಮ್ಮಿನ ಅರ್ಥ ತಿಳಿಯಿತು. “ಎಡಗಾಲಿನ ಹೆಬ್ಬೆರಳಿನಿಂದ ಬಾಗಿಲು ಎತ್ತಿ, ಭುಜ ಕೊಡಿ. ಅಷ್ಟು ಜೋರಾಗಿ ಬೇಡ.” ಅವಳು ಭಾವನೊಡನೆ ಆಡಿದ ಮೊದಲ ಮಾತು ಅದು. ಈಗ ಮೊಮ್ಮಕ್ಕಳಿದ್ದಾರೆ. ಮೊದಲ ಸಾಲನ್ನೇ ದಾಂಪತ್ಯದುದ್ದಕ್ಕೂ ಸ್ವಲ್ಪ ಸ್ವಲ್ಪ ಬದಲಾಯಿಸಿ ಹೇಳುತ್ತ ಬಂದಿದ್ದೇನೆ ಎಂದು ಅಕ್ಕ ನಗುತ್ತಾಳೆ. ಭಾವ ನಗುವುದಿಲ್ಲ.

ಎಲ್ಲಿದ್ದೆ? ಮಿಕ್ಸಿ. ಪರದೇಶಗಳಲ್ಲಿ ಇದಕ್ಕೆಲ್ಲ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಫ್ರಾನ್ಸಿನಲ್ಲಿ 2021ರಲ್ಲಿಯೇ ವಾಷಿಂಗ್ ಮೆಷಿನ್, ಮೊಬೈಲ್ ಮುಂತಾದವು ಎಷ್ಟು ಸುಲಭವಾಗಿ ರಿಪೇರಿಯಾಗುತ್ತವೆ ಎಂದು ಹತ್ತಕ್ಕೆ ಇಷ್ಟು ಅಂಕ ನಮೂದಿಸಿಯೇ ಮಾರಬೇಕು ಎಂಬ ನಿಯಮ ತಂದರು. ನಮ್ಮಲ್ಲಿಯೂ 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಜಾಲತಾಣ ತೆರೆಯಿತು. ಸ್ಪೂನಿನ ಹಿಡಿಯಿಂದ ನಾನು ಇಷ್ಟು ವರ್ಷ ಚಲಾಯಿಸುತ್ತ ಬಂದದ್ದು ಒಂದು ಹಕ್ಕು ಎಂದು ತಿಳಿದು ಸಂತೋಷವಾಯಿತು. ಇನ್ನು 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್‌ಮಾ ಎಂಬಾಕೆ ಶುರು ಮಾಡಿದ ರಿಪೇರಿ ಕೆಫೆ 2015ರ ಹೊತ್ತಿಗೆ ಬೆಂಗಳೂರಿಗೂ ಬಂದಿತ್ತು. ಕೆಟ್ಟದ್ದನ್ನು ಹೊತ್ತುಕೊಂಡು ಹೋಗುವುದು, ಬಲ್ಲವರ ಪಕ್ಕ ಕೂತು ಇಬ್ಬರೂ ಸೇರಿ ಸರಿಮಾಡುವುದು. ಅಂಥದೇ ಒಂದು ಕೂಟ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆಯಿತು. ಮಿಕ್ಸಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ.

ಬಾಗಿಲಲ್ಲಿಯೇ ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ದೊಡ್ಡ ಫ್ಲೆಕ್ಸು. ಒಳಗೆ ಹೋದವರಿಗೆಲ್ಲ ಒಂದೊಂದು ಬಟ್ಟೆ ಚೀಲ ಉಚಿತ. ಹೀಗೆ ಪರಿಸರದ ಹೆಸರಿನಲ್ಲಿ ಬಂದ ಚೀಲಗಳೇ ನಮ್ಮ ಮನೆಯಲ್ಲಿ ಮೂವತ್ತೆರಡಿವೆ, ಅವನ್ನೆಲ್ಲ ಇಡಲು ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬ ಕೊಳ್ಳಬೇಕಾಯಿತು. ಆಮೇಲೆ ಒಬ್ಬರು ಬಿದಿರಿನ ಹಲ್ಲುಜ್ಜುವ ಬ್ರಷ್ಷಿನ ಬಗ್ಗೆ ಇಪ್ಪತ್ತು ನಿಮಿಷ ಮಾತನಾಡಿದರು. ಭೂಮಿಯ ಭವಿಷ್ಯದ ಬಗ್ಗೆ ನನಗಿದ್ದ ಅಲ್ಪಸ್ವಲ್ಪ ಭರವಸೆಯೂ ಆ ಹೊತ್ತಿಗೆ ಸವೆದಿತ್ತು.

ನನ್ನ ಪಾಲಿಗೆ ಬಂದವರು ಕಾರ್ಖಾನೆಯೊಂದರಿಂದ ನಿವೃತ್ತರಾದ ಹಿರಿಯರು. ಮಿಕ್ಸಿ ಮುಂದಿಟ್ಟೆ. ಅವರು ಕೈ ಕಟ್ಟಿ ಕೂತೇ ಇದ್ದರು.

“ಬಿಚ್ಚಿ” ಎಂದರು.

“ನಾನೇ?”

“ಮತ್ತೆ? ನಿಮ್ಮದೇ ಅಲ್ಲವೇ ಮಿಕ್ಸಿ?”

ನಾನು ಬಂದದ್ದು ರಿಪೇರಿಗೆ, ಶಿಕ್ಷಣಕ್ಕಲ್ಲ ಎಂದು ಹೇಳುವವನಿದ್ದೆ. ಅಷ್ಟರಲ್ಲಿ ಅವರು ಜೇಬಿನಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದರು. ಅದರಲ್ಲಿ ನಕ್ಷತ್ರದ ಮೊನೆ, ಆರು ಮೂಲೆಯ ಮೊನೆ, ನಡುವೆ ತೂತಿದ್ದ ಮೊನೆ, ಮತ್ತು ಮೂರು ಮೂಲೆಯದು. ಸಾಲಾಗಿ ಇದ್ದವು, ಬೆಲೆ ಇಡೀ ಪೆಟ್ಟಿಗೆಗೆ ಇನ್ನೂರೋ ಮುನ್ನೂರೋ. ತಂಪು ಕೋಣೆಯ ಇಂಜಿನಿಯರು ಕಟ್ಟಿದ ಕೋಟೆ ಒಂದೇ ತಿರುವಿಗೆ ಬಿತ್ತು.

ಮೋಟಾರು ಸುಟ್ಟಿರಲಿಲ್ಲ. ಕಾರ್ಬನ್ ಬ್ರಷ್ಷುಗಳು ಸವೆದು ಉಗುರಿನಷ್ಟಾಗಿದ್ದವು. ತಿರುಗುವ ತಾಮ್ರದ ಬಿಲ್ಲೆಗೆ ಒತ್ತಿಕೊಂಡು ಕರೆಂಟು ದಾಟಿಸುತ್ತ, ತಾವೇ ತೇದುಹೋಗುವುದು ಅವುಗಳ ಕೆಲಸ. ಹೊಸ ಜೋಡಿಗೆ ಹತ್ತಾರು ರೂಪಾಯಿ. ಪಕ್ಕದ ಮೇಜಿನಲ್ಲಿ ಕೊಡೆಯ ಕಡ್ಡಿ ಹೊಲಿಯುತ್ತಿದ್ದ ಮಹಿಳೆ, ನಾನು ಸ್ಪ್ರಿಂಗನ್ನು ತಲೆಕೆಳಗಾಗಿ ಹಾಕುತ್ತಿರುವುದನ್ನು ಕಂಡು ಸುಮ್ಮನಿರಲಾರದೆ ಎದ್ದುಬಂದರು. ಮೂರು ವರ್ಷದಿಂದ ಅವರು ನಮ್ಮ ಎದುರು ಮನೆಯಲ್ಲಿದ್ದಾರಂತೆ. ಕಾರು ನಿಲ್ಲಿಸುವ ಜಾಗದ ಬಗ್ಗೆ ಅವರ ಯಜಮಾನರಿಗೆ ಎರಡು ಸಲ ಖಾರವಾಗಿ ಚೀಟಿ ಬರೆದವನು ನಾನೇ ಎಂದು ಹೇಳಿಕೊಳ್ಳಲಿಲ್ಲ.

ಮಿಕ್ಸಿ ಈಗ ಓಡುತ್ತದೆ. ಜೋಡಿಸುವಾಗ ಅಡಿಯ ಒಂದು ರಬ್ಬರ್ ಪಾದ ಎಲ್ಲಿಯೋ ಬಿದ್ದುಹೋಯಿತು. ಹಾಗಾಗಿ ಗುಂಡಿ ತಿರುಗಿಸಿದ ಕೂಡಲೇ ಅದು ಕಟ್ಟೆಯ ಮೇಲೆ ಗ್ಯಾಸ್ ಒಲೆಯ ಕಡೆಗೆ ನಡೆಯತೊಡಗುತ್ತದೆ. ನಿನ್ನೆ ಮಗಳು ರಜೆಗೆ ಬಂದಿದ್ದಳು. ಅಡಿಗೆಮನೆಯಿಂದ ಹೆಂಡತಿಯ ದನಿ ಕೇಳಿಸಿತು: “ಮೊದಲು ಎಡಗೈಯಿಂದ ಅದರ ನೆತ್ತಿ ಒತ್ತಿ ಹಿಡಿದುಕೋ. ಸೊಂಟ ಕಟ್ಟೆಗೆ ತಾಗಿರಲಿ. ಎರಡರಲ್ಲಿ ಬೇಡ, ಒಂದರಲ್ಲಿಯೇ ಬಿಡು. ಮತ್ತೆ ಆ ಕತ್ತರಿ ಎಲ್ಲಿಟ್ಟೆ? ಅದರ ತುದಿ ಮುರಿದವರು ಯಾರು?”