ಮೇಣದಬತ್ತಿಯನ್ನು ಹೊತ್ತಿಸಲೇಬೇಕೇ?

‘ನಿಂಬೆರಸದಲ್ಲಿ ಬರೆದ ಕಾಗದವನ್ನು ಮಕ್ಕಳೇ ಮೇಣದಬತ್ತಿಯ ಮೇಲೆ ಹಿಡಿಯಲಿ, ಅಕ್ಷರ ತಾನಾಗಿ ಮೂಡುತ್ತದೆ’ ಎಂದು, ಕಣ್ಣಿಗೆ ಕಾಣದಂತೆ ಗುಟ್ಟಿನ ಸಂದೇಶ ಬರೆಯುವ ಆಟದ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಸಲೀಸಾಗಿ ಬರೆದುಬಿಟ್ಟಿದ್ದಾರೆ. ಆರು ವರ್ಷದ ಮಗುವಿನ ಕೈಗೆ ಕೊಟ್ಟು ನೋಡಿದ್ದಾರೆಯೇ? ನಾನು ಕೊಟ್ಟು ಕೆಟ್ಟಿದ್ದೇನೆ. ಮೊದಲ ಅಕ್ಷರ ಕಾಣುವ ಮುನ್ನವೇ ಕಾಗದದ ಮೂಲೆ ಹೊತ್ತಿಕೊಂಡು, ನಮ್ಮ ಗುಟ್ಟಿನ ಸಂದೇಶ ಬಕೆಟ್ಟಿನ ನೀರಿಗೆ ಬಿತ್ತು.

ಇಲ್ಲಿ ಬೇಕಿರುವುದು ಬೆಂಕಿಯಲ್ಲ, ಹದವಾದ ಶಾಖ. ರಸದಲ್ಲಿರುವ ಸಕ್ಕರೆ, ಆಮ್ಲಗಳು ಕಾಗದಕ್ಕಿಂತ ಮೊದಲೇ ಕಂದುಬಣ್ಣಕ್ಕೆ ತಿರುಗುತ್ತವೆ. ಆಟವೆಲ್ಲ ಇರುವುದು ಆ ಸಣ್ಣ ಅಂತರದಲ್ಲಿ. ಬರಹ ಪೂರ್ತಿ ಒಣಗಿದ ಮೇಲೆ (ಇದನ್ನು ಲೇಖನ ಹೇಳಿಯೇ ಇಲ್ಲ) ಹಳೆಯ ಬಟ್ಟೆ ಹಾಸಿ ದೊಡ್ಡವರು ಇಸ್ತ್ರಿಪೆಟ್ಟಿಗೆಯಿಂದ ಒತ್ತಿದರೆ ಸಾಕು. ಬಲ್ಬಿನ ಶಾಖವೂ ಆದೀತು ಎನ್ನುವವರಿಗೆ ಒಂದು ಮಾತು: ಅದು ಹಳೆಯ ತಂತಿ ಬಲ್ಬಿನ ಕಾಲದ ಉಪಾಯ. ಎಲ್‌ಇಡಿ ಬಲ್ಬಿನ ಮುಂದೆ ಸಂಜೆಯವರೆಗೆ ಹಿಡಿದು ಕುಳಿತರೂ ಕಾಗದ ಬೆಳ್ಳಗೇ ಇರುತ್ತದೆ.

ಮೇಣದಬತ್ತಿ ಬೇಕೇ ಬೇಕೆಂದರೆ ಹೊತ್ತಿಸದೆ ಅದರಿಂದಲೇ ಬರೆಸಿ. ಬಿಳಿ ಹಾಳೆಯ ಮೇಲೆ ಒತ್ತಿ ಬರೆದು, ಅದರ ಮೇಲೆ ತೆಳುವಾಗಿ ನೀರುಬಣ್ಣ ಸವರಿದರೆ ಮೇಣವಿರುವ ಕಡೆ ಬಣ್ಣ ಹಿಡಿಯುವುದಿಲ್ಲ. ನೀಲಿಯ ನಡುವೆ ತನ್ನ ಹೆಸರು ಬೆಳ್ಳಗೆ ಎದ್ದು ಬಂದಾಗ ನನ್ನ ಮಗಳು ಕುಂಚವನ್ನು ಕೆಳಗಿಡಲೇ ಇಲ್ಲ.